ಗುರುತು ತಪ್ಪಿದ ಅಂಜೂರ

ನಂಬುವವರು ನಂಬಿ, ನಗುವವರು ನಕ್ಕುಬಿಡಿ. ಮರುಳಯ್ಯ ಎಂಬ ಗುರುವಿನ ಆಶ್ರಮ ಹೊಳೆಯ ದಂಡೆಯಲ್ಲಿತ್ತು. ಅಲ್ಲಿನ ಅಂಜೂರ ಎಷ್ಟು ಸಿಹಿಯೆಂದರೆ, ಆಚೆ ದಡದ ಇರುವೆಗಳು ಅದಕ್ಕಾಗಿಯೇ ಈಜು ಕಲಿತಿದ್ದವು. ಇದೇ ಕಣ್ಣಲ್ಲಿ ನೋಡಿದ್ದೇನೆ.

ಊರೂರಿನ ಹಳೇ ಅಂಜೂರದ ಮರಗಳಿಂದ ಕಡ್ಡಿ ತಂದು, ಕುಂಡದಲ್ಲಿ ನೆಟ್ಟು ಚಿಗುರಿಸುವುದು ಗುರುವಿನ ಕೆಲಸ. ಗುರುತಿಗೆಂದು ಒಂದೊಂದು ಊರಿನ ಕಡ್ಡಿಗೆ ಒಂದೊಂದು ಬಣ್ಣದ ಬಟ್ಟೆಚೂರು ಕಟ್ಟುತ್ತಿದ್ದರು.

ಒಂದು ಬೆಳಗ್ಗೆ ದುಗ್ಗಮ್ಮ ಎಂಬ ಮುದುಕಿ ಬಂದಳು. ಗುರು ಹೊಳೆಗೆ ಸ್ನಾನಕ್ಕೆ ಹೋಗಿದ್ದರು. ಶಿಷ್ಯ ಹಂಪಣ್ಣ ಒಬ್ಬನೇ ಇದ್ದ.

"ಮರಿಸ್ವಾಮಿ, ನಮ್ಮ ತವರಿನ ಅಂಜೂರದ ಮರ ಗಾಳಿಗೆ ಬಿತ್ತು. ಹೋದ ವರ್ಷ ಅಯ್ಯನೋರಿಗೆ ಒಂದು ಕಡ್ಡಿ ಕೊಟ್ಟಿದ್ದೆ. ಆ ಮರದ್ದು ಅಂತ ಉಳಿದಿರೋದು ಈಗ ಅದೊಂದೇ."

ಹಂಪಣ್ಣ ಕುಂಡಗಳ ಹತ್ತಿರ ಹೋಗಿ ನೋಡಿದ. ಮೂರು ಕುಂಡಗಳ ಬಟ್ಟೆಚೂರನ್ನು ಅಳಿಲು ಬಿಚ್ಚಿ ಗೂಡಿಗೆ ಹೊತ್ತೊಯ್ದಿತ್ತು. ದುಗ್ಗಮ್ಮನ ಕಡ್ಡಿ ಆ ಮೂರರಲ್ಲಿ ಒಂದು.

"ಚಿಂತೆ ಬೇಡ ಅಜ್ಜಿ. ಎಲೆ ನೋಡಿದರೆ ಸಾಕು, ಜಾತಿ ಹೇಳಿಬಿಡ್ತೀನಿ. ನಿಮ್ಮ ಮರದ ಎಲೆ ಹೇಗಿತ್ತು?"

"ಅಂಗೈ ಥರ. ಐದು ಬೆರಳು."

"ಇಗೋ, ಇದೇ! ಪಕ್ಕದ್ದಕ್ಕೆ ಮೂರೇ ಬೆರಳು, ಅದು ಬೇರೆ ಊರಿನದು. ಈ ಮೂರನೆಯದಕ್ಕೆ ಬೆರಳೇ ಇಲ್ಲ. ಕಾಡತ್ತಿ. ಕಿತ್ತೆಸೀತೀನಿ."

ಬುಡಕ್ಕೆ ಕೈ ಹಾಕಿದ.

"ತಡಿಯೋ ಹಂಪ!"

ಶಿಷ್ಯನ ಮಾತು ದೂರದಿಂದಲೇ ಕಿವಿಗೆ ಬಿದ್ದು, ಗುರು ಒದ್ದೆ ಪಂಚೆಯಲ್ಲೇ ಓಡಿ ಬಂದರು. ಬರುವ ದಾರಿಯಲ್ಲಿ ಕಿತ್ತ ಮೂರು ಎಲೆಗಳನ್ನು ಶಿಷ್ಯನ ಮುಂದೆ ಹಿಡಿದರು.

"ಇವು ಯಾವ ಮರದವು, ಹೇಳು."

"ಐದು ಬೆರಳಿನದು ಅಜ್ಜಿಯ ತವರಿನ ಜಾತಿ. ಮೂರು ಬೆರಳಿನದು ಆಚೆ ದಡದ್ದು. ಬೆರಳಿಲ್ಲದ್ದು ಕಾಡತ್ತಿ. ಸಂಶಯವೇ ಇಲ್ಲ ಗುರುಗಳೇ."

"ಮೂರೂ ನಮ್ಮ ಬಾವಿಕಟ್ಟೆಯ ಮರದ್ದು. ದಿನಾ ಮಧ್ಯಾಹ್ನ ಗೊರಕೆ ಹೊಡೀತೀಯಲ್ಲ, ಅದೇ ಮರ."

ದುಗ್ಗಮ್ಮ ನಕ್ಕ ನಗೆಗೆ ಹೊಳೆಯ ಕೊಕ್ಕರೆಗಳು ಎದ್ದು, ನಾಲ್ಕು ಊರಾಚೆ ಹೋಗಿ ಇಳಿದವು.

ಹಂಪಣ್ಣ ಮೆಲ್ಲಗೆ ಕೈ ತೆಗೆದ.

"ಹಾಗಾದರೆ ಅಜ್ಜಿಯ ಗಿಡ ಯಾವುದು?"

"ನನಗೂ ಗೊತ್ತಿಲ್ಲ."

"ನಿಮಗೂ?"

"ಹಣ್ಣು ಬಿಡಲಿ. ಅಜ್ಜಿ ತಿಂದು ಹೇಳ್ತಾಳೆ."

"ಅಷ್ಟು ದಿನ ಅಜ್ಜಿ..." ಹಂಪಣ್ಣ ಮಾತು ನುಂಗಿದ.

"ಯಾಕೋ ಮರಿ, ಪೂರ್ತಿ ಹೇಳು! ಆ ಹಣ್ಣು ತಿನ್ನದೆ ನಾನು ಎಲ್ಲಿಗೂ ಹೋಗೋಳಲ್ಲ. ಯಮ ಬಂದರೂ ಜಗಲಿ ಮೇಲೆ ಕೂತಿರಪ್ಪ ಅಂತೀನಿ. ಅಲ್ಲೀವರೆಗೂ ಮೂರೂ ನನ್ನವೇ ಅಂತ ನೋಡ್ಕೋ."

ಬರಿಗೈಯಲ್ಲೇ, ನಗುನಗುತ್ತಾ ಹೊರಟುಹೋದಳು.

ಅವತ್ತು ಹಂಪಣ್ಣ ಮೂರು ಕುಂಡಕ್ಕೂ ಒಂದೇ ಸಮ ನೀರು ಹಾಕಿದ. ಊಟಕ್ಕೆ ಕೂತರೂ ಮುಖ ಸಪ್ಪಗೇ ಇತ್ತು.

"ಗುರುಗಳೇ, ಒಂದು ಮಾತು. ಕಣ್ಣಿಗೆ ಕಾಣೋ ಎಲೆ ನೋಡಿಯೇ ಗಿಡ ಗೊತ್ತಾಗೋದಿಲ್ಲ. ಮತ್ತೆ ನಾನು ಬಂದ ದಿನವೇ, ಇವನು ಒಳ್ಳೇ ಶಿಷ್ಯ ಅಂತ ನೀವು ಹೇಗೆ ಗುರುತು ಹಿಡಿದಿರಿ?"

ಗುರು ಅವನ ತಟ್ಟೆಗೆ ಇನ್ನೊಂದು ಸೌಟು ಗಂಜಿ ಬಡಿಸಿದರು.

"ಗುರುತು ಹಿಡಿದೆ ಅಂತ ಯಾರು ಹೇಳಿದ್ದು? ನೀರು ಹಾಕ್ತಾ ಇದೀನಿ, ಅಷ್ಟೆ."