ಅಲುಗದ ಮುಳ್ಳು

“ಗುರುಗಳೇ, ಮನಸ್ಸಿಗೆ ಏನೂ ಅನ್ನಿಸದಿರುವುದೇ ಶಾಂತಿಯಲ್ಲವೇ?”

ಹೀಗೆ ಕೇಳಿದವನು ಅಡವಯ್ಯ. ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಆ ದಿನ ಬೆಳಿಗ್ಗೆ ಅವನ ಊರಿನವರೊಬ್ಬರು ಬಂದು, ನಿನ್ನ ಅಕ್ಕ ಹಾಸಿಗೆ ಹಿಡಿದಿದ್ದಾಳೆ, ನಿನ್ನನ್ನು ಒಮ್ಮೆ ನೋಡಬೇಕೆನ್ನುತ್ತಾಳೆ ಎಂದು ಹೇಳಿ ಹೋಗಿದ್ದರು. ತಾಯಿಯಿಲ್ಲದ ಅವನನ್ನು ಉಣ್ಣಿಸಿ, ತೊಳೆದು, ಮಲಗಿಸಿ ಬೆಳೆಸಿದವಳು ಆ ಅಕ್ಕ. ಅಡವಯ್ಯ ಸುದ್ದಿ ಕೇಳಿದ. ಬಂದವರಿಗೆ ನೀರು ಕೊಟ್ಟ. ಅವರನ್ನು ಬಾಗಿಲವರೆಗೆ ಕಳಿಸಿ ಬಂದು ಮತ್ತೆ ಜೋಳ ಹಸನು ಮಾಡುತ್ತ ಕುಳಿತ. ಎದೆಯಲ್ಲಿ ಏನೂ ಆಗಲಿಲ್ಲ. ಮೊದಲು ಅವನಿಗೆ ಆಶ್ಚರ್ಯವಾಯಿತು. ಸ್ವಲ್ಪ ಹೊತ್ತಿನ ಮೇಲೆ ಒಳಗೊಳಗೇ ಸಂತೋಷವಾಯಿತು. ಒಂಬತ್ತು ವರ್ಷ ಕಾದದ್ದು ಕೊನೆಗೂ ಕೈಗೆ ಬಂತು ಎಂದುಕೊಂಡ.

“ಹೋದರೂ ಒಂದೇ, ಹೋಗದಿದ್ದರೂ ಒಂದೇ ಅನ್ನಿಸಿತು,” ಎಂದು ಗುರುಗಳ ಮುಂದೆ ಎಲ್ಲವನ್ನೂ ಹೇಳಿದ. “ಅದಕ್ಕೆ ಹೋಗುವುದು ಬೇಡ ಎಂದುಕೊಂಡೆ. ಇದೇ ಸಮಚಿತ್ತವಲ್ಲವೇ?”

ಗುರುಗಳು ಬತ್ತಿ ಹೊಸೆಯುತ್ತಿದ್ದರು. ಹೊಸೆಯುವುದನ್ನು ನಿಲ್ಲಿಸಲಿಲ್ಲ.

“ರೈತ, ಎತ್ತು, ಬಾವಿ ಎಂದು ಹೇಳಿ ಹೇಳಿ ನನಗೇ ಸಾಕಾಗಿದೆ,” ಎಂದರು. “ಇವತ್ತು ಒಂದು ಕಾರಿನ ಕತೆ ಕೇಳು.”

ಶಹಬಾಸ್ ಎನ್ನಿಸಿಕೊಳ್ಳಲು ಬಂದಿದ್ದ ಅಡವಯ್ಯನಿಗೆ ಕೊಂಚ ಪೆಚ್ಚಾಯಿತು. ಆದರೂ ಕಾಲು ಮಡಿಚಿ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಮಿಸ್ತ್ರಿ ಇದ್ದ. ಮೋಟಾರು ರಿಪೇರಿಯಲ್ಲಿ ಎತ್ತಿದ ಕೈ. ಹಳೆಯ ಕಾರುಗಳೆಂದರೆ ಪ್ರಾಣ. ಮೂವತ್ತು ವರ್ಷದಲ್ಲಿ ಒಳ್ಳೆಯ ಹೆಸರು ಮಾಡಿದ್ದ. ಹೆಸರಿನ ಬೆನ್ನಿಗೇ ಒಂದಿಷ್ಟು ಜಂಭವೂ ಬಂದಿತ್ತು. ಅದು ಗ್ಯಾರೇಜಿಗೆ ಮಾತ್ರ ಬರುವಂಥದ್ದಲ್ಲ, ಮಠಕ್ಕೂ ಬರುತ್ತದೆ.

ಅದೇ ಪೇಟೆಯಲ್ಲಿ ಒಬ್ಬ ಜವಳಿ ವರ್ತಕ. ಅವನ ಮನೆಯಲ್ಲಿ ತಂದೆಯ ಕಾಲದ ಒಂದು ಕಾರು ಬಟ್ಟೆ ಹೊದ್ದು ನಿಂತಿತ್ತು. ಎಂಜಿನ್ ಸತ್ತು ಹನ್ನೆರಡು ವರ್ಷವಾಗಿತ್ತು. ವರ್ತಕನ ತಾಯಿ ಮದುವಣಗಿತ್ತಿಯಾಗಿ ಆ ಮನೆಗೆ ಬಂದದ್ದು ಅದೇ ಕಾರಿನಲ್ಲಿ. ಆಕೆಗೆ ಈಗ ಎಂಬತ್ತು ದಾಟಿತ್ತು. ಒಂದು ದಿನ ಮಗನನ್ನು ಕರೆದು ಹೇಳಿದಳು, “ಈ ಕಾರಿನಾಗ ಬಂದಾಕಿ ನಾ. ಇದರಾಗ ಒಮ್ಮೆ ತವರಿಗೆ ಹೋಗಿ ನನ್ನ ತಮ್ಮನ್ನ ನೋಡಿ ಬರ್ತೀನಿ. ಮತ್ತೇನೂ ಬ್ಯಾಡ ನನಗ.”

ತಾಯಿ ಏನನ್ನೂ ಕೇಳಿದವಳಲ್ಲ. ವರ್ತಕ ಮರುದಿನವೇ ಮಿಸ್ತ್ರಿಯನ್ನು ಕರೆಸಿದ.

ಹಳೆಯ ಎಂಜಿನ್ನಿಗೆ ಜೀವ ಬರುವ ಹಾಗಿರಲಿಲ್ಲ. ಅದರ ಬಿಡಿಭಾಗಗಳು ಎಲ್ಲೂ ಸಿಗುತ್ತಿರಲಿಲ್ಲ. ಮಿಸ್ತ್ರಿ ಬೇರೊಂದು ಕಾರಿನ ಎಂಜಿನ್ ಹುಡುಕಿ ತಂದ. ಎರಡು ತಿಂಗಳು ಕಷ್ಟಪಟ್ಟು ಅದನ್ನು ಈ ಕಾರಿನ ಹೊಟ್ಟೆಯಲ್ಲಿ ಕೂರಿಸಿದ. ಆ ಕೆಲಸ ಚೆನ್ನಾಗಿಯೇ ಆಯಿತು. ಅದರಲ್ಲಿ ಕತೆಯಿಲ್ಲ, ಕತೆ ಇರುವುದು ನೀರಿನಲ್ಲಿ.

ಎಂಜಿನ್ ಓಡಿದರೆ ಕಾಯುತ್ತದೆ. ಅದನ್ನು ತಣಿಸಲು ಅದರ ಮೈಯೊಳಗೆ ನೀರು ಸುತ್ತಬೇಕು. ಆ ನೀರು ಮುಂದಿನ ರೇಡಿಯೇಟರಿಗೆ ಬಂದು, ಗಾಳಿಗೆ ಆರಿ, ಮತ್ತೆ ಒಳಗೆ ಹೋಗಬೇಕು. ಇಷ್ಟೇ ಅದರ ವಿದ್ಯೆ.

ವರ್ತಕನದೊಂದು ಹಟವಿತ್ತು. ಕಾರಿನ ಮುಖ ಬದಲಾಗಕೂಡದು, ಒಳಗಿನ ಮೀಟರುಗಳೂ ಬದಲಾಗಕೂಡದು, ತಾಯಿ ನೋಡಿದ ಕೂಡಲೇ ಗುರುತು ಹಿಡಿಯಬೇಕು. ಹಾಗಾಗಿ ರೇಡಿಯೇಟರ್ ಹಳೆಯದೇ ಉಳಿಯಿತು. ಹೊಸ ಎಂಜಿನ್ ಎತ್ತರದ್ದು. ಅದರ ನೆತ್ತಿ ರೇಡಿಯೇಟರಿನ ಬಾಯಿಗಿಂತ ನಾಲ್ಕು ಬೆರಳು ಮೇಲಕ್ಕೆ ನಿಂತಿತು. ಮಿಸ್ತ್ರಿ ಅದನ್ನು ನೋಡಿದ. ಬಾನೆಟ್ ಮುಚ್ಚುತ್ತದೋ ಇಲ್ಲವೋ ಎಂಬುದೊಂದೇ ಅವನ ಚಿಂತೆ. ಮುಚ್ಚಿತು. ಅಲ್ಲಿಗೆ ಅದನ್ನು ಮರೆತ.

ರೇಡಿಯೇಟರನ್ನು ಬಿಚ್ಚಿ ತೊಳೆದ. ತೊಟ್ಟಿಯಲ್ಲಿ ಮುಳುಗಿಸಿ, ಗಾಳಿ ಊದಿ, ಎಲ್ಲಾದರೂ ಗುಳ್ಳೆ ಏಳುತ್ತದೆಯೇ ಎಂದು ನೋಡಿದ. ಹಳೆಯ ರಬ್ಬರ್ ಪೈಪು ಹೊಸ ಎಂಜಿನ್ನಿಗೆ ಮುಟ್ಟುತ್ತಿರಲಿಲ್ಲ. ಬೇರೆ ಎರಡು ಗಾಡಿಗಳ ಪೈಪುಗಳನ್ನು ಕತ್ತರಿಸಿ ಜೋಡಿಸಿದ. ಕ್ಲಿಪ್ಪುಗಳನ್ನು ಎರಡೆರಡು ಸಲ ಬಿಗಿದ. ಉಳಿದದ್ದು ಬಿಸಿ ತೋರಿಸುವ ಮೀಟರು. ಹಳೆಯ ಕಾಲದ ಆ ಮೀಟರಿನ ಬೆನ್ನಿನಿಂದ ಒಂದು ಸಣ್ಣ ತಾಮ್ರದ ನಳಿಗೆ ಹೊರಡುತ್ತದೆ. ಅದರ ತುದಿಯಲ್ಲಿ ಕಿರುಬೆರಳಿನಷ್ಟು ಒಂದು ಬುರುಡೆ. ಆ ಬುರುಡೆ ಎಂಜಿನ್ನಿನ ನೀರಿನಲ್ಲಿ ಮುಳುಗಿರಬೇಕು. ಅದು ಕಾದಷ್ಟು ಮೀಟರಿನ ಮುಳ್ಳು ಏರುತ್ತದೆ. ಹೊಸ ಎಂಜಿನ್ನಿನಲ್ಲಿ ಬುರುಡೆಗೆ ಜಾಗವಿದ್ದದ್ದು ನೆತ್ತಿಯ ಮೇಲೆ. ಅಳತೆ ಕೂಡಲಿಲ್ಲ. ಮಿಸ್ತ್ರಿ ಹಿತ್ತಾಳೆಯ ಒಂದು ಬಳೆ ಕಡೆದು ನಡುವೆ ಕೂರಿಸಿದ. ಕೆಲಸ ಎಷ್ಟು ಚಂದವಾಯಿತೆಂದರೆ ಅದನ್ನು ಬಟ್ಟೆಯಿಂದ ಒರೆಸಿ ಒರೆಸಿ ನೋಡಿದ.

ಕೊನೆಗೆ ರೇಡಿಯೇಟರಿನ ಬಾಯಿಗೆ ನೀರು ಹೊಯ್ದ. ನೀರು ಬಾಯಿಯವರೆಗೆ ಬಂದು ತುಳುಕಿತು. ಮುಚ್ಚಳ ಹಾಕಿದ. ಮೂವತ್ತು ವರ್ಷ ಅವನು ಹಾಗೆಯೇ ಮಾಡಿದ್ದ, ಒಂದು ಕಾರೂ ಅವನಿಗೆ ಕೈ ಕೊಟ್ಟಿರಲಿಲ್ಲ.

ಎಂಜಿನ್ ಶುರು ಮಾಡಿದ. ಮುಳ್ಳು ಕಾಲು ಭಾಗಕ್ಕೆ ಏರಿ ನಿಂತಿತು. ಪೇಟೆಯಲ್ಲಿ ಒಂದು ಸುತ್ತು ಹಾಕಿ ಬಂದ. ಮುಳ್ಳು ಅಲ್ಲೇ ಇತ್ತು. ಅಕ್ಕಪಕ್ಕದ ಗ್ಯಾರೇಜಿನವರೆಲ್ಲ ನೋಡಲು ಬಂದರು.

“ಬ್ಯಾರೆ ಗಾಡಿ ಮುಳ್ಳು ಏರತಾವ, ಇಳೀತಾವ,” ಎಂದ ಮಿಸ್ತ್ರಿ. “ಇದನ್ನ ನೋಡ್ರಿ. ಸ್ವಾಮಿಗಳು ಕುಂತಂಗ ಕುಂತೈತಿ.”

ಯಾವ ಸ್ವಾಮಿಗಳನ್ನು ನೋಡಿದ್ದನೋ ಏನೋ, ಪಾಪ. ಮೂವತ್ತು ವರ್ಷದಲ್ಲಿ ಇಷ್ಟು ತಣ್ಣಗೆ ನಿಂತ ಮುಳ್ಳನ್ನು ತಾನು ನೋಡಿಲ್ಲವಲ್ಲ ಎಂದು ಒಂದು ಕ್ಷಣ ಅವನಿಗೆ ಅನ್ನಿಸಿದ್ದೂ ಉಂಟು. ಆದರೆ ಸುತ್ತ ನಿಂತವರು ಹೊಗಳುತ್ತಿರುವಾಗ ಸಂದೇಹಕ್ಕೆ ಯಾರು ಬಾಗಿಲು ತೆಗೆಯುತ್ತಾರೆ?

ಹೊರಡುವ ದಿನ ಬಂತು. ತವರು ಅರವತ್ತು ಮೈಲಿ ದೂರ. ಎರೆಹೊಲಗಳ ನಡುವೆ ನೆಟ್ಟಗಿನ ರಸ್ತೆ. ಮೊದಲ ಸಲ ದೂರ ಹೋಗುವ ಗಾಡಿ, ತಾನೇ ನಡೆಸುತ್ತೇನೆ ಎಂದು ಮಿಸ್ತ್ರಿ ಕುಳಿತ. ಮಗ ಹಿಂದೆ ಕುಳಿತ. ತಾಯಿಯನ್ನು ಮುಂದೆ ಕೂರಿಸಿದರು. ಆಕೆ ಚಪ್ಪಲಿಯನ್ನು ಹೊರಗೇ ಬಿಟ್ಟು, ಬಾಗಿಲ ಹೊಸ್ತಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಬರಿಗಾಲಿನಲ್ಲಿ ಒಳಗೆ ಹತ್ತಿದಳು. ತನ್ನನ್ನು ಮನೆ ತುಂಬಿಸಿದ ಕಾರಿನೊಳಗೆ ಚಪ್ಪಲಿ ಮೆಟ್ಟುವುದು ಆಕೆಗೆ ಸರಿ ಕಾಣಲಿಲ್ಲ.

ಅರ್ಧ ದಾರಿ ಹತ್ತಿರವಾಗಿತ್ತು. ತಾಯಿ ಮಿಸ್ತ್ರಿಯ ಕಡೆ ತಿರುಗಿದಳು.

“ಯಪ್ಪಾ, ಕಾಲಿಗೆ ಬಿಸಿ ಬಡಿಯಾಕತ್ತೈತಿ.”

ಮಿಸ್ತ್ರಿ ಮುಳ್ಳು ನೋಡಿದ. “ಅದು ಬಿಸಲಿನ ಝಳರೀ ಅವ್ವಾರ. ಮುಳ್ಳು ನೋಡ್ರಿ, ಹ್ಯಾಂಗಿತ್ತೋ ಹಂಗ ಐತಿ.”

ತಾಯಿಗೆ ಮುಳ್ಳು ಓದಲು ಬರುತ್ತಿರಲಿಲ್ಲ. ಬಲ್ಲವನು ಹೇಳುತ್ತಾನೆ ಎಂದು ಸುಮ್ಮನಾದಳು. ಕಾಲೆತ್ತಿ ಸೀಟಿನ ಮೇಲೆ ಇಟ್ಟುಕೊಂಡಳು. ಸ್ವಲ್ಪ ದೂರ ಹೋದ ಮೇಲೆ ಮಿಸ್ತ್ರಿಯ ಮೂಗಿಗೂ ಸುಟ್ಟ ವಾಸನೆ ಬಂತು. ಎಂಜಿನ್ನಿನ ಎಳೆತ ಸಡಿಲವಾದಂತೆ ಕಾಲಿಗೆ ಗೊತ್ತಾಯಿತು. ಅವನು ಮತ್ತೆ ಮುಳ್ಳು ನೋಡಿದ, ಅದು ಅಲುಗಿರಲಿಲ್ಲ. ತನ್ನ ಮೂಗನ್ನೂ ಕಾಲನ್ನೂ ನಂಬದೆ ಅವನು ಮುಳ್ಳನ್ನು ನಂಬಿದ. ಇನ್ನೆರಡು ಮೈಲಿ ಓಡಿಸಿದ. ಒಮ್ಮೆಲೇ ಕಟಕ್ಕೆಂದು ಸದ್ದಾಗಿ ಎಂಜಿನ್ ಕಚ್ಚಿಕೊಂಡು ನಿಂತಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಆಗಲೂ ಮುಳ್ಳು ಕಾಲು ಭಾಗದಲ್ಲೇ ಇತ್ತು.

ಬೇರೆ ಗಾಡಿ ಮಾಡಿಕೊಂಡು ಹೋಗೋಣ ಎಂದು ಮಗ ಬಹಳ ಹೇಳಿದ. ತಾಯಿ ಒಪ್ಪಲಿಲ್ಲ. “ಬಂದ ಕಾರಿನಾಗ ಹೋಗ್ತೀನಿ ಅಂದಾಕಿ ನಾ. ರಿಪೇರಿ ಮಾಡ್ರಿ, ಕಾಯ್ತೀನಿ,” ಎಂದಳು. ತವರಿನ ದಿಕ್ಕಿಗೆ ಒಮ್ಮೆ ನೋಡಿ, ದಾರಿಯಲ್ಲಿ ಸಿಕ್ಕ ಗಾಡಿಯಲ್ಲಿ ಮನೆಗೆ ಮರಳಿದಳು.

ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ತಂದ ಮೇಲೆ ಮಿಸ್ತ್ರಿ ಮೊದಲು ಬಿಚ್ಚಿದ್ದು ಆ ಬುರುಡೆಯನ್ನು. ಹಿತ್ತಾಳೆಯ ಬಳೆಯಿಂದ ಅದನ್ನು ಎಳೆದು ಬೆಳಕಿಗೆ ಹಿಡಿದ. ಅದರ ಮೈಮೇಲೆ ನೀರಿನ ಕಲೆ ಕೂಡ ಇರಲಿಲ್ಲ. ಅವನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಅವನು ಬಲ್ಲ ಹಳೆಯ ಕಾರುಗಳಲ್ಲೆಲ್ಲ ರೇಡಿಯೇಟರಿನ ಬಾಯಿಯೇ ಎಲ್ಲಕ್ಕಿಂತ ಎತ್ತರ. ನೀರು ಬಾಯಿಗೆ ಬಂತೆಂದರೆ ಒಳಗಿನ ಗಾಳಿ ತಾನಾಗಿ ಹೊರಟುಹೋಗುತ್ತಿತ್ತು. ಈ ಕಾರಿನಲ್ಲಿ ಬಾಯಿ ಕೆಳಗೆ, ನೆತ್ತಿ ಮೇಲೆ. ಬಾಯಿ ತುಳುಕಿದರೂ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡು ಉಳಿದಿತ್ತು. ಬುರುಡೆ ಆ ಗಾಳಿಯಲ್ಲಿ ತೂಗುತ್ತಿತ್ತು. ಬಿಸಿನೀರು ತಾಗಿದಾಗ ತೆರೆದುಕೊಂಡು ರೇಡಿಯೇಟರಿಗೆ ದಾರಿ ಬಿಡಬೇಕಾದ ಸಣ್ಣ ಬಾಗಿಲೂ ಅದೇ ಗಾಳಿಯಲ್ಲಿ ಮುಚ್ಚಿಕೊಂಡೇ ಕುಳಿತಿತ್ತು. ಕೆಳಗೆ ಎಂಜಿನ್ ಬೆಂದುಹೋಗುತ್ತಿರುವಾಗ ಮೇಲೆ ಮುಳ್ಳು ಹಾಯಾಗಿತ್ತು.

ವರ್ತಕ ಬಂದು ಕೇಳಿದ, “ಮೀಟರ್ ಕೆಟ್ಟಿತ್ತೇನು?”

ಹೌದು ಎಂದಿದ್ದರೆ ಮಿಸ್ತ್ರಿಯ ಹೆಸರು ಉಳಿಯುತ್ತಿತ್ತು. ಹಳೆಯ ಮೀಟರೇ ಬೇಕೆಂದು ಹಟ ಹಿಡಿದವನು ವರ್ತಕನೇ ತಾನೆ. ಮಿಸ್ತ್ರಿ ತಲೆ ತಗ್ಗಿಸಿದ.

“ಇಲ್ರೀ ಸಾಹುಕಾರ್ರ, ಮೀಟರ್ ಚಲೋ ಐತಿ. ಅದಕ್ಕ ನೀರ ಮುಟ್ಟಿರಲಿಲ್ಲ. ತಪ್ಪು ನಂದು.”

ಜಂಭವಿದ್ದರೂ ಮನುಷ್ಯ ಪ್ರಾಮಾಣಿಕ. ಅದಕ್ಕೇ ಅವನ ಕತೆ ಹೇಳುತ್ತಿದ್ದೇನೆ.

ಎಂಜಿನ್ ಮತ್ತೆ ಮೊದಲಿನಂತಾಗಲು ಐದು ತಿಂಗಳು ಹಿಡಿಯಿತು. ಈ ಸಲ ಮಿಸ್ತ್ರಿ ನೀರು ಹೊಯ್ಯುವ ಮೊದಲು ಕಾರಿನ ಮುಂದಿನ ಗಾಲಿಗಳನ್ನು ಕಲ್ಲಿನ ದಿಮ್ಮಿಗಳ ಮೇಲೆ ಏರಿಸಿದ. ಎತ್ತಿಗೆ ಬಿದಿರಿನ ಗೊಟ್ಟದಲ್ಲಿ ಔಷಧ ಕುಡಿಸುವಾಗ ಮೂತಿ ಎತ್ತಿ ಹಿಡಿಯುವುದಿಲ್ಲವೇ, ಹಾಗೆ. ರೇಡಿಯೇಟರಿನ ಬಾಯಿ ಎಂಜಿನ್ನಿನ ನೆತ್ತಿಗಿಂತ ಮೇಲಾಯಿತು. ಮುಚ್ಚಳ ತೆಗೆದಿಟ್ಟೇ ಎಂಜಿನ್ ಶುರು ಮಾಡಿದ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಾದ. ಒಳಗಿನಿಂದ ಗುಳುಗುಳು ಎಂದಿತು, ನೀರು ಕುಸಿಯಿತು. ಹೊಯ್ದ. ಮತ್ತೆ ತೇಗಿತು, ಮತ್ತೆ ಕುಸಿಯಿತು. ಮತ್ತೆ ಹೊಯ್ದ. ಹೀಗೆ ಅರ್ಧ ದಿನ. ಕೊನೆಗೆ ಗುಳ್ಳೆ ನಿಂತಿತು. ಆಗ ಎದ್ದು ಹೋಗಿ ಮೀಟರ್ ನೋಡಿದ. ಮುಳ್ಳು ಏರಿತು. ಅರ್ಧ ದಾಟಿತು, ತಡವರಿಸಿತು. ಒಳಗಿನ ಬಾಗಿಲು ತೆರೆದು ನೀರು ಹರಿಯಿತು, ಮುಳ್ಳು ಇಳಿಯಿತು. ಮತ್ತೆ ಸ್ವಲ್ಪ ಏರಿತು. ಆ ಅಲುಗಾಟ ನೋಡಿ ಮಿಸ್ತ್ರಿಯ ಕಣ್ಣಲ್ಲಿ ನೀರು ತುಂಬಿತು.

ಗುರುಗಳು ಇಷ್ಟು ಹೇಳಿ ಇನ್ನೊಂದು ಬತ್ತಿ ಹೊಸೆಯತೊಡಗಿದರು. ಅಡವಯ್ಯ ಕಾದ. ಕತೆ ಮುಂದುವರಿಯಲಿಲ್ಲ.

“ಆ ತಾಯಿ ತವರಿಗೆ ಹೋದಳೇ?” ಎಂದು ಕೇಳಿದ.

“ಇಲ್ಲ. ಐದು ತಿಂಗಳು ಆಕೆಯ ಪಾಲಿಗಿರಲಿಲ್ಲ. ಕಾರು ಸಿದ್ಧವಾಗುವ ಮೊದಲೇ ಹೋದಳು. ತಮ್ಮನೇ ಬಂದ, ಮಣ್ಣಿಗೆ.”

ಆ ಮುದುಕಿ ಯಾರೋ ಏನೋ, ಇದ್ದಳೋ ಇಲ್ಲವೋ. ಆದರೂ ಮಣ್ಣಿಗೆ ಬಂದ ಆ ತಮ್ಮನನ್ನು ನೆನೆದು ಅಡವಯ್ಯನಿಗೆ ಸಂಕಟವಾಯಿತು. ಅದನ್ನು ನುಂಗಿಕೊಂಡು ತನ್ನ ಮಾತಿಗೇ ಮರಳಿದ.

“ಆದರೆ ಗುರುಗಳೇ, ಅಕ್ಕನ ಸುದ್ದಿ ಕೇಳಿದಾಗ ನನಗೆ ನಿಜವಾಗಿಯೂ ಏನೂ ಅನ್ನಿಸಲಿಲ್ಲ. ನಾನು ಸುಳ್ಳು ಹೇಳುತ್ತಿಲ್ಲ.”

ಗುರುಗಳು ಹೊಸೆದ ಬತ್ತಿಯನ್ನು ಕೆಳಗಿಟ್ಟು ಮೊದಲ ಸಲ ಅವನ ಮುಖ ನೋಡಿದರು.

“ಹೋಗಿ ಅಕ್ಕನ ಪಕ್ಕದಲ್ಲಿ ಕುಳಿತು ಆಕೆಯ ಕೈ ಹಿಡಿದು ನೋಡು, ಆಗಲೂ ಏನೂ ಅನ್ನಿಸದಿದ್ದರೆ ಬಂದು ಹೇಳು, ನಾನೇ ನಿನ್ನ ಕಾಲಿಗೆ ಬೀಳುತ್ತೇನೆ.”