ಗುಡುಗಯ್ಯನ ಗಟ್ಟಿ ತೋಳು

ಬೋಳುಗುಡ್ಡದ ತಪ್ಪಲಿನಲ್ಲಿ ಒಂದು ಕಾಡು, ಕಾಡಿನ ನಡುವೆ ಒಂದು ಕೊಳ, ಕೊಳದ ಮೂಡಣ ದಡದ ಮತ್ತಿಮರದ ಕೆಳಗೆ ಒಂದು ಗರಡಿಮನೆ. ಗರಡಿಮನೆ ಅಂದರೆ ಗೊತ್ತಲ್ಲ ಮಕ್ಕಳೇ? ದಂಡ, ಬಸ್ಕಿ ಹೊಡೆದು ಮೈ ಬೆಳೆಸಿ ಕುಸ್ತಿ ಕಲಿಯುವ ಜಾಗ. ಗೊತ್ತಿಲ್ಲದಿದ್ದವರಿಗೂ ಈಗ ಗೊತ್ತಾಯಿತಲ್ಲ, ಇನ್ನು ಸುಮ್ಮನೆ ಕೇಳಿ. ಮಧ್ಯೆ ಬಾಯಿ ಹಾಕಿದರೆ ನನಗೂ ಸಿಟ್ಟು ಬರುತ್ತದೆ.

ಆ ಗರಡಿಯ ಉಸ್ತಾದ ಗುಡುಗಯ್ಯ ಅನ್ನುವ ಕರಡಿ. ಸಿಟ್ಟು ಅವನ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಇರುವೆ ಕಚ್ಚಿದರೆ ಇರುವೆಯ ಮೇಲೆ ಸಿಟ್ಟು. ಕಚ್ಚದೆ ಪಕ್ಕದಿಂದ ಹೋದರೆ, "ನನ್ನನ್ನು ಕಂಡರೆ ಅಷ್ಟು ತಾತ್ಸಾರವಾ?" ಎಂದು ಇನ್ನೂ ಸಿಟ್ಟು.

ಈ ಸಲ ಮಾತ್ರ ಅವನ ಸಿಟ್ಟಿಗೆ ಕಾರಣ ಇತ್ತು. ಆ ಕಾಡಿನಲ್ಲಿ ಹಿಂದಿನಿಂದ ಬಂದ ಒಂದು ಕಟ್ಟುಪಾಡು. ಬೇಸಿಗೆಯಲ್ಲಿ ಕೊಳದ ನೀರು ಎರಡೂ ದಡದವರಿಗೆ ಸಾಲುವುದಿಲ್ಲ. ಅದಕ್ಕೇ ಮೂಡಣ ದಡದಿಂದ ಒಬ್ಬ, ಪಡುವಣ ದಡದಿಂದ ಒಬ್ಬ ಕುಸ್ತಿ ಹಿಡಿಯಬೇಕು. ಗೆದ್ದ ದಡದವರಿಗೆ ಮಳೆ ಬೀಳುವವರೆಗೂ ಕೊಳ. ಸೋತವರು ಎರಡು ಗುಡ್ಡ ಹತ್ತಿ ಇಳಿದು ಆಚೆಯ ತೊರೆಗೆ ಹೋಗಬೇಕು. ಹೋದ ವರ್ಷ ಪಡುವಣದ ಕಾಡುಹಂದಿ ಕೋರೆಮಲ್ಲ ನಮ್ಮ ಗುಡುಗಯ್ಯನ ಬೆನ್ನಿಗೆ ಮಣ್ಣು ಮುಟ್ಟಿಸಿದ್ದ. ಮೂಡಣದವರೆಲ್ಲ ಬೇಸಿಗೆಯುದ್ದಕ್ಕೂ ಗುಡ್ಡ ಹತ್ತಿ ಇಳಿದು ಸೋತು ಸುಣ್ಣವಾಗಿದ್ದರು.

"ಹೋದ ವರ್ಷ ನಾನೊಬ್ಬಳೇ ಇದ್ದೆ, ಹೇಗೋ ನಡೆದೆ," ಎಂದಳು ಗುಡುಗಯ್ಯನ ಹೆಂಡತಿ ಜೇನವ್ವ. ಅವಳ ಬೆನ್ನ ಮೇಲೆ ಆಗತಾನೇ ಕಣ್ಣು ಬಿಟ್ಟ ಎರಡು ಮರಿಗಳು ಕೂದಲು ಹಿಡಿದು ಅಂಟಿಕೊಂಡಿದ್ದವು. "ಈ ವರ್ಷ ಇವೆರಡನ್ನೂ ಹೊತ್ತು ದಿನಾ ಆ ಗುಡ್ಡ ಹತ್ತೋದು ನನ್ನ ಕೈಲಾಗಲ್ಲ. ನನಗೆ ಪಟ್ಟು ಗಿಟ್ಟು ತಿಳಿಯದು. ಗೆದ್ದು ಬನ್ನಿ, ಅಷ್ಟೇ."

"ಗೆಲ್ಲದೆ ಏನು!" ಗುಡುಗಯ್ಯ ಗುಡುಗಿದ. "ಹೋದ ಸಲ ನಾನು ಸೋತಿದ್ದಲ್ಲ, ಮಣ್ಣು ಜಾರಿದ್ದು!"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜೇನವ್ವ ಮರಿಗಳನ್ನು ಸರಿಮಾಡಿಕೊಂಡು ಗೆದ್ದಲು ಹುಡುಕಲು ಹೋದಳು.

ಗುಡುಗಯ್ಯ ಅವತ್ತಿನಿಂದ ಮೈ ದಂಡಿಸಿದ್ದೇ ದಂಡಿಸಿದ್ದು. ಒಂದು ಬೆಳಿಗ್ಗೆ ಇನ್ನೂರು ದಂಡ ಹೊಡೆದು, ಏದುಸಿರು ಬಿಡುತ್ತಾ ಬಲಗೈ ಮಡಿಸಿದ. ಎಡಗೈಯಿಂದ ತೋಳು ಮುಟ್ಟಿ ನೋಡಿಕೊಂಡ. ಮುಂಭಾಗದ ಮಾಂಸಖಂಡ ಉಬ್ಬಿ ಕಲ್ಲಿನಷ್ಟು ಗಟ್ಟಿಯಾಗಿತ್ತು. ಅವನಿಗೆ ಹಿಗ್ಗೋ ಹಿಗ್ಗು. ಆಮೇಲೆ ತೋಳಿನ ಹಿಂಭಾಗ ಮುಟ್ಟಿದ. ಅಲ್ಲಿ ಮೆತ್ತಗೆ, ಸಡಿಲವಾಗಿತ್ತು.

"ಏಯ್!" ಎಂದು ತನ್ನ ತೋಳಿಗೇ ಗದರಿದ. "ಮುಂದಿನವನು ದುಡಿದು ಸಾಯ್ತಿದ್ದಾನೆ, ನೀನು ಹಿಂದೆ ಹಾಯಾಗಿ ಮಲಗಿದ್ದೀಯಾ? ಜೇನು ತಿನ್ನೋಕೆ ಮಾತ್ರ ಮುಂದೆ, ಅಲ್ವಾ?" ಎಂದು ಹಿಂದಿನ ಖಂಡಕ್ಕೆ ಛಟೀರೆಂದು ಹೊಡೆದ. ಹೊಡೆದದ್ದು ಅವನಿಗೇ ಉರಿಯಿತು.

ಉರಿ ತಾಳದೆ ಕೈ ನೆಟ್ಟಗೆ ಚಾಚಿದ. ಈಗ ಹಿಂದಿನ ಖಂಡ ಗಟ್ಟಿಯಾಯಿತು, ಮುಂದಿನದು ಸಡಿಲವಾಯಿತು.

"ಓಹೋ! ಈಗ ಅವನೆದ್ದ, ಇವನು ಮಲಗಿದ! ಇಬ್ಬರೂ ಪಾಳಿ ಮೇಲೆ ನನಗೆ ಮೋಸ ಮಾಡ್ತಿದ್ದೀರಾ? ಸೋತಿದ್ದು ಯಾಕೆ ಅಂತ ಈಗ ಗೊತ್ತಾಯ್ತು. ನನ್ನ ಮೈಯೊಳಗೇ ಸೋಮಾರಿಗಳು!"

ನೋಡಿ, ಲೋಕದ ಮೇಲೆಲ್ಲ ಸಿಟ್ಟು ಮಾಡಿ ಮುಗಿದ ಮೇಲೆ ತನ್ನ ತೋಳಿನ ಮೇಲೂ ಸಿಟ್ಟು ಮಾಡಿದ ಪುಣ್ಯಾತ್ಮ ಇವನು. ಕೈಲಾಗದವನು ಮೈ ಪರಚಿಕೊಂಡ ಅನ್ನುತ್ತಾರಲ್ಲ, ಅದೇ ಕತೆ.

ಅವತ್ತೇ ಗರಡಿಯಲ್ಲಿ ಹೊಸ ಕಾನೂನು ಬಂತು. "ಇನ್ನು ಮುಂದೆ ಇಲ್ಲಿ ಯಾವ ಖಂಡವೂ ಸಡಿಲವಾಗಕೂಡದು! ಮುಂದಿನದೂ ಗಟ್ಟಿ, ಹಿಂದಿನದೂ ಗಟ್ಟಿ. ಕೂತರೂ ಗಟ್ಟಿ, ನಿಂತರೂ ಗಟ್ಟಿ. ಸಡಿಲ ಬಿಟ್ಟವನ ಚರ್ಮ ಸುಲಿಯುತ್ತೇನೆ!"

ಶಿಷ್ಯರು ಇಬ್ಬರೇ. ಒಬ್ಬ ಉದ್ದಣ್ಣ ಅನ್ನುವ ಮುಸುವ, ಇನ್ನೊಬ್ಬಳು ಚೆಂಗಿ ಅನ್ನುವ ಮೊಲ. ಇಬ್ಬರೂ ಹಲ್ಲು ಕಚ್ಚಿ, ಮೈ ಬಿಗಿದು ನಿಂತರು. ಉದ್ದಣ್ಣನಿಗೆ ಮೂಗಿನ ಮೇಲೆ ಕೂತ ನೊಣ ಓಡಿಸಲೂ ಆಗಲಿಲ್ಲ. ಮುಂದಿನ ಖಂಡ ಕೈ ಮಡಿಸು ಅನ್ನುತ್ತಿತ್ತು, ಹಿಂದಿನದು ಚಾಚು ಅನ್ನುತ್ತಿತ್ತು, ಕೈ ಮಾತ್ರ ನಡುವೆ ಗಡಗಡ ನಡುಗುತ್ತಿತ್ತು.

ಕೊಳದ ಅಂಚಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ಮುದಿ ಕಪ್ಪೆ ವಟಗಮ್ಮನಿಗೆ ತಡೆಯಲಾಗಲಿಲ್ಲ.

"ಗುಡುಗಯ್ಯ, ಇದೇನಪ್ಪಾ ಅನ್ಯಾಯ? ಆ ಖಂಡ ಸೋಮಾರಿ ಅಲ್ಲ. ಅದು ಬಿಟ್ಟುಕೊಡ್ತಿದೆ."

"ಬಿಟ್ಟುಕೊಡೋದಾ? ಕುಸ್ತಿಯಲ್ಲಿ?"

"ಕೇಳು. ಮಾಂಸಖಂಡಕ್ಕೆ ಬರೋದು ಒಂದೇ ಕೆಲಸ, ಎಳೆಯೋದು. ತಳ್ಳೋಕೆ ಅದಕ್ಕೆ ಬರೋದೇ ಇಲ್ಲ. ಅದಕ್ಕೇ ದೇವರು ಎರಡೆರಡು ಇಟ್ಟಿದ್ದಾನೆ. ಮುಂದಿನದು ಎಲುಬನ್ನು ಎಳೆದರೆ ಮೊಣಕೈ ಕೀಲು ಮಡಿಯುತ್ತೆ. ಹಿಂದಿನದು ಎಳೆದರೆ ಅದೇ ಕೀಲು ಬಿಚ್ಚುತ್ತೆ. ಒಂದು ಎಳೆಯುವಾಗ ಇನ್ನೊಂದು ಸಡಿಲ ಬಿಡಬೇಕು. ಇಗೋ, ನಾನು ನೆಗೆಯೋದು ನೋಡು." ವಟಗಮ್ಮ ಮಂಡಿ ಮಡಿಸಿ ಕೂತಳು. "ಈಗ ತೊಡೆಯ ಮುಂದಿನ ಖಂಡ ಎಳೀತು, ಹಿಂದಿನದು ಬಿಟ್ಟಿತು, ಮಂಡಿ ನೆಟ್ಟಗಾಯ್ತು," ಎನ್ನುತ್ತಲೇ ಟಣ್ಣನೆ ನೆಗೆದು ಗರಡಿಯ ಆ ತುದಿಯಲ್ಲಿ ಕೂತಳು. "ಎರಡೂ ಒಟ್ಟಿಗೆ ಎಳೆದಿದ್ದರೆ ಇಲ್ಲೇ ಕಲ್ಲಾಗಿ ಕೂತಿರಬೇಕಿತ್ತು."

ಮಕ್ಕಳೇ, ಮಜ್ಜಿಗೆ ಕಡೆಯೋದು ನೋಡಿದ್ದೀರಾ? ಕಡೆಗೋಲಿಗೆ ಸುತ್ತಿದ ಹಗ್ಗದ ಒಂದು ತುದಿ ಎಳೆದಾಗ ಇನ್ನೊಂದು ತುದಿ ಬಿಡಬೇಕು. ಎರಡೂ ತುದಿ ಒಟ್ಟಿಗೇ ಜಗ್ಗಿ ಹಿಡಿದರೆ ಕಡೆಗೋಲು ತಿರುಗುತ್ತದೆಯೇ? ಬೆಣ್ಣೆ ಬರುತ್ತದೆಯೇ? ಇಷ್ಟು ತಿಳಿಯಲು ಉಸ್ತಾದನೇ ಆಗಬೇಕಿಲ್ಲ.

ಗುಡುಗಯ್ಯನಿಗೂ ಒಂದು ಗಳಿಗೆ ಮಾತು ನಾಟಿತು. ನಾಟಿದ್ದೇ ತಪ್ಪಾಯಿತು. ತನ್ನ ತೋಳಿನ ವಿಷಯ ತನಗಿಂತ ಕಪ್ಪೆಗೆ ಚೆನ್ನಾಗಿ ಗೊತ್ತು ಅನ್ನುವುದು ಅವನಿಗೆ ಸಹಿಸಲಾಗಲಿಲ್ಲ. ಮುಖಕ್ಕೆ ನೆತ್ತರೇರಿತು.

"ಅಂಗೈಯಗಲದ ಕಪ್ಪೆ, ನನಗೆ ಕುಸ್ತಿ ಹೇಳಿಕೊಡ್ತೀಯಾ? ನಡಿ ಆಚೆ!" ಎಂದು ಒದ್ದ ಮಣ್ಣೆಲ್ಲ ವಟಗಮ್ಮನ ಮೇಲೆ ಬಿತ್ತು. ಅವಳು ಕಣ್ಣುಜ್ಜಿಕೊಳ್ಳುತ್ತಾ ನೀರಿಗಿಳಿದಳು.

ಮಾರನೆಯ ದಿನ ಉದ್ದಣ್ಣ ಮೈ ಬಿಗಿದುಕೊಂಡೇ ಮತ್ತಿಮರದ ಕೊಂಬೆಯಿಂದ ಕೊಂಬೆಗೆ ಹಾರಿದ. ಕೊಂಬೆ ಹಿಡಿಯಬೇಕಾದರೆ ಮುಷ್ಟಿ ಮೊದಲು ಬಿಚ್ಚಬೇಕಲ್ಲ? ಬಿಚ್ಚಲಿಲ್ಲ. ಧೊಪ್ಪನೆ ಕೆಳಗೆ ಬಿದ್ದು ಕಾಲು ಉಳುಕಿತು.

"ನಿನ್ನ ಬಿಗಿ ಸಾಲದು, ಅದಕ್ಕೇ ಬಿದ್ದೆ!" ಎಂದು ಗುಡುಗಯ್ಯ ಅವನನ್ನೇ ಬೈದ.

ಚೆಂಗಿ ಅದನ್ನು ನೋಡಿದಳು. "ಉಸ್ತಾದರೇ, ನಮಸ್ಕಾರ," ಎಂದು ಉದ್ದಣ್ಣನಿಗೆ ಆಸರೆ ಕೊಟ್ಟು ಹೊರಟೇಬಿಟ್ಟಳು. "ಹೋಗಿ! ಹೇಡಿಗಳು!" ಎಂದು ಗುಡುಗಯ್ಯ ಕೂಗಿದ್ದು ಕೊಳದ ಆಚೆ ದಡಕ್ಕೂ ಕೇಳಿಸಿತು. ಉಳಿದ ದಿನಗಳಲ್ಲಿ ಅವನೊಬ್ಬನೇ ಬಿಗಿದ, ನಡುಗಿದ, ಬೈದ. ನಡುಗುವುದನ್ನೇ ಬಲ ಎಂದುಕೊಂಡ.

ಕುಸ್ತಿಯ ದಿನ ಬಂತು. ಎರಡೂ ದಡದವರು ಕೆಮ್ಮಣ್ಣಿನ ಕಣದ ಸುತ್ತ ಸೇರಿದರು. ತೀರ್ಪು ಹೇಳಲು ಮುದಿ ಆಮೆ ಬಂದು ಕೂತಿತು. ಜೇನವ್ವ ಮರಿಗಳನ್ನು ಹೊತ್ತು ಮುಂದೆಯೇ ನಿಂತಿದ್ದಳು.

ಕೋರೆಮಲ್ಲ ಮಾತ್ರ ಯಾವ ಅವಸರವೂ ಇಲ್ಲದೆ ಬಂದ. ಕತ್ತು ಆ ಕಡೆ ಈ ಕಡೆ ತಿರುಗಿಸಿದ. ಒಂದೊಂದೇ ಕಾಲು ಕೊಡವಿದ. ಆಮೇಲೆ ಬಾಯಿ ತುಂಬಾ ಆಕಳಿಸಿದ.

"ಏನಣ್ಣ ಗುಡುಗಯ್ಯ, ಮನೆ ಕಡೆ ಎಲ್ಲ ಚೆನ್ನಾಗಿದ್ದಾರಾ? ಈ ಸಲ ಮಣ್ಣು ಜಾರಲ್ಲ ತಾನೇ?"

ಎರಡೂ ದಡದವರು ಗೊಳ್ಳೆಂದು ನಕ್ಕರು. ಮೂಡಣದವರೂ ನಕ್ಕರು, ಅದೇ ಗುಡುಗಯ್ಯನಿಗೆ ಕೆಂಡ ತುಳಿದ ಹಾಗಾಯಿತು. ಹಲ್ಲು ಕಟಕಟ ಕಡಿದ. ಕತ್ತು ಬಿಗಿಯಿತು, ಹೆಗಲು ಬಿಗಿಯಿತು, ತೋಳಿನ ಮುಂದಿನ ಖಂಡವೂ ಬಿಗಿಯಿತು, ಹಿಂದಿನದೂ ಬಿಗಿಯಿತು. "ಹಾಂ! ಈಗ ಒಬ್ಬನೂ ಮಲಗಿಲ್ಲ!" ಎಂದುಕೊಂಡ.

"ಹಿಡೀರಿ!" ಎಂದಿತು ಆಮೆ.

ಗುಡುಗಯ್ಯ ಕೋರೆಮಲ್ಲನ ಕತ್ತಿಗೆ ಒಂದು ಏಟು ಬಿಗಿಯಬೇಕೆಂದು ಕೈ ಬೀಸಲು ಹೋದ. ಕೈ ಬೀಸಲಿಲ್ಲ. ಮುಂದಕ್ಕೆ ಎಳೆಯುವುದು ಎಳೆಯುತ್ತಿತ್ತು, ಹಿಂದಕ್ಕೆ ಎಳೆಯುವುದೂ ಎಳೆಯುತ್ತಿತ್ತು, ತೋಳು ಎದೆಯ ಮುಂದೆ ನಡುಗುತ್ತಾ ನಿಂತಿತು. "ಬಾ ಕೈಯೇ, ಬಾ!" ಎಂದು ಒಳಗೇ ಬೈದ. ಬೈದಷ್ಟೂ ಅದು ಬಿಗಿಯಿತು. ಕಾಲು ಎತ್ತಿಡಲು ನೋಡಿದ, ಮಂಡಿಯೂ ಮಡಿಯಲಿಲ್ಲ. ಅವನ ಕಣ್ಣಿಗೆ ಸಿಟ್ಟಿನಿಂದ ನೀರು ಬಂತು.

ಕೋರೆಮಲ್ಲ ಅವನನ್ನು ಒಂದು ಸುತ್ತು ಹಾಕಿ ನೋಡಿದ. ಆಮೇಲೆ ಮೆಲ್ಲಗೆ ಪಕ್ಕೆಯ ಕೆಳಗೆ ಮೂತಿ ಇಟ್ಟು, ಮಂಡಿ ಮಡಿಸಿ, ಒಮ್ಮೆಲೇ ನೆಟ್ಟಗಾಗಿ ಮೇಲಕ್ಕೆತ್ತಿದ. ಗುಡುಗಯ್ಯ ನೆಟ್ಟ ಕಂಬದ ಹಾಗೆ ಉರುಳಿದ. ಬೆನ್ನಿಗೆ ಮಣ್ಣು ಮುಟ್ಟಿತು. ಸುತ್ತ ನಿಂತವರು ಉಸಿರು ಎಳೆದು ಬಿಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಕೊಳ ಪಡುವಣದವರಿಗೆ," ಎಂದಿತು ಆಮೆ.

"ಮೋಸ! ಮೋಸ!" ಎಂದು ಗುಡುಗಯ್ಯ ಬಿದ್ದಲ್ಲೇ ಕೂಗಿದ. ನಾಲ್ಕೂ ಕಾಲು ಇನ್ನೂ ಆಕಾಶಕ್ಕೆ ಸೆಟೆದುಕೊಂಡಿದ್ದವು.

ಆಗ ನೀರಿನಿಂದ ವಟಗಮ್ಮ ಎದ್ದು ಬಂದಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ಯಾರೂ ಕಂಡಿರಲಿಲ್ಲ.

"ಮೋಸವಂತೆ ಮೋಸ! ನಾಚಿಕೆ ಆಗಲ್ವೇನೋ? ಅವನ ಬಲಕ್ಕಿಂತ ನಿನ್ನ ಬಲ ದೊಡ್ಡದಿತ್ತು ಕಣೋ! ಅಷ್ಟೂ ಬಲದಲ್ಲಿ ನಿನ್ನನ್ನು ನೀನೇ ಹಿಡಿದುಕೊಂಡು ನಿಂತಿದ್ದೆ. ನಿನ್ನನ್ನು ಕೆಡವೋಕೆ ಹಂದಿಯೇ ಬರಬೇಕಿರಲಿಲ್ಲ, ನಾನು ಸಾಕಿತ್ತು! ಸಿಟ್ಟು ನಿನ್ನದು. ಗುಡ್ಡ ಹತ್ತೋ ಕಾಲು ಯಾರದ್ದು, ಹೇಳು? ಆ ಕುಂಟ್ತಿರೋ ಉದ್ದಣ್ಣನದು! ನಿನ್ನ ಹೆಂಡತಿಯದು!"

ಗುಡುಗಯ್ಯ ಬೈಯಲೆಂದು ಬಾಯಿ ಬಿಡಲು ನೋಡಿದ, ದವಡೆಯೂ ಬಿಗಿದಿತ್ತು.

ಮರುದಿನ ಬೆಳಿಗ್ಗೆ ಮೂಡಣ ದಡದವರೆಲ್ಲ ಸಾಲಾಗಿ ಗುಡ್ಡದ ದಾರಿ ಹಿಡಿದರು. ಉದ್ದಣ್ಣ ಕೋಲೂರಿಕೊಂಡು ನಡೆದ. ಬಿಸಿಲೇರಿತು. ಜೇನವ್ವ ಮೊದಲ ಗುಡ್ಡದ ಅರ್ಧದಲ್ಲೇ ನಿಂತು ಏದುಸಿರು ಬಿಡತೊಡಗಿದಳು. ಬೆನ್ನ ಮೇಲಿನ ಮರಿಗಳು ಬಾಯಾರಿಕೆಗೆ ಕುಂಯ್‌ಗುಡುತ್ತಿದ್ದವು. ಕಿರಿಯದಕ್ಕಂತೂ ಕೂದಲು ಹಿಡಿಯುವ ಶಕ್ತಿಯೂ ಇರಲಿಲ್ಲ, ಮತ್ತೆ ಮತ್ತೆ ಜಾರುತ್ತಿತ್ತು.

ಗುಡುಗಯ್ಯ ಹಿಂದಿನಿಂದ ದಾಪುಗಾಲು ಹಾಕಿ ಬಂದ. ಹೆಂಡತಿಯನ್ನು ನೋಡಿ ಅವನಿಗೆ ಅಯ್ಯೋ ಅನ್ನಿಸಿತು. ಹಾಗೆಯೇ ಕೋರೆಮಲ್ಲನ ನೆನಪಾಗಿ ಉರಿಯೂ ಎದ್ದಿತು.

"ಆ ಹಂದಿಯನ್ನು ಸುಮ್ಮನೆ ಬಿಡಲ್ಲ ನಾನು! ಕೊಡಿಲ್ಲಿ, ಕಿರಿಯದನ್ನು ನಾನು ಎತ್ತಿಕೊಳ್ತೀನಿ."

ಜೇನವ್ವ ಅವನ ಕೈ ನೋಡಿದಳು. ಎರಡೂ ಕೈ ಮುಷ್ಟಿ ಕಟ್ಟಿದ್ದವು. ಉದ್ದುದ್ದ ಉಗುರುಗಳು ಅವನ ಅಂಗೈಗೇ ನಾಟಿ ರಕ್ತ ಜಿನುಗುತ್ತಿತ್ತು. ಅವನಿಗೆ ಅದು ಗೊತ್ತೇ ಇರಲಿಲ್ಲ.

"ಮೊದಲು ಕೈ ಬಿಚ್ಚಿ," ಎಂದಳು.

ಗುಡುಗಯ್ಯ ಬಿಚ್ಚಲು ನೋಡಿದ. ಒಂದು ಬೆರಳು ಸಡಿಲವಾಯಿತು. ಅಷ್ಟರಲ್ಲಿ ಕೋರೆಮಲ್ಲನ ಆಕಳಿಕೆ ಕಣ್ಣಿಗೆ ಕಟ್ಟಿತು. ಬೆರಳು ಮತ್ತೆ ಮಡಿಯಿತು. ಹಲ್ಲು ಕಡಿದು ಇನ್ನೊಮ್ಮೆ ನೋಡಿದ. ಆಗಲಿಲ್ಲ.

"ಈ ಕೈಗೆ ನನ್ನ ಮಗು ಕೊಡಲ್ಲ," ಎಂದಳು ಜೇನವ್ವ. ಅವಳ ದನಿ ಏರಲಿಲ್ಲ. ಜಾರುತ್ತಿದ್ದ ಮರಿಯನ್ನು ಹೆಗಲಿನಿಂದ ಮೇಲಕ್ಕೆ ನೂಕಿಕೊಂಡು, ಎರಡನ್ನೂ ಹೊತ್ತು ಗುಡ್ಡ ಹತ್ತತೊಡಗಿದಳು.

ಉಳಿದವರೆಲ್ಲ ಮುಂದೆ ಹೋಗಿಬಿಟ್ಟಿದ್ದರು, ಬೈಯಲು ಅಲ್ಲಿ ಯಾರೂ ಇರಲಿಲ್ಲ. ಕಾಡಿಗೆಲ್ಲ ಬಲಶಾಲಿಯಾದ ಕರಡಿ ಅಂಗೈಯಗಲದ ಮರಿಯೊಂದನ್ನು ಹೊರಲಾಗದೆ, ಬರಿಗೈಯಲ್ಲಿ ಅವಳ ಹಿಂದೆ ನಡೆಯಿತು.

ನೀತಿ: ಬಿಗಿಯುವುದು ಮಾತ್ರ ಬಲವಲ್ಲ, ಬೇಕಾದಾಗ ಸಡಿಲಿಸುವುದೂ ಬಲವೇ, ಸಿಟ್ಟಿನಲ್ಲಿ ಬಿಗಿದ ಕೈಗೆ ಶತ್ರುವನ್ನು ಕೆಡವಲೂ ಆಗದು, ಮಗುವನ್ನು ಎತ್ತಲೂ ಆಗದು.