ಮೇಕೆ ಗೂಟದಲ್ಲಿ ಯಜಮಾನ

ಕೇಳ್ರಪ್ಪ, ಎಲೆಅಡಿಕೆ ಆಮೇಲೆ ಹಾಕ್ಕೊಳ್ಳಿ. ಬಾಯಿತುಂಬ ಇಟ್ಕೊಂಡು ನಕ್ಕರೆ ಎದುರಿಗೆ ಕೂತಿರೋ ನನ್ನ ಪಂಚೆ ಕೆಂಪಾಗುತ್ತೆ.

ದ್ಯಾವಮ್ಮ ಅಂತ ಒಬ್ಬಳಿದ್ದಳು. ಗಂಡ ತೀರಿಕೊಂಡಿದ್ದ. ಅವಳಿಗೆ ಉಳಿದದ್ದು ಒಂದು ಮೇಕೆ, ಒಂದು ತಾಮ್ರದ ಹಂಡೆ, ಒಬ್ಬ ಮಗ. ಮೇಕೆ ಹಾಲು ಕೊಡ್ತಿತ್ತು, ಹಂಡೆ ಬಿಸಿನೀರು ಕೊಡ್ತಿತ್ತು, ಮಗ ತಲೆನೋವು ಕೊಡ್ತಿದ್ದ. ಅವನ ಹೆಸರು ಮುದ್ದೀರ. ಮೈಯಲ್ಲಿ ಕೋಣನ ಬಲ, ತಲೆಯಲ್ಲಿ ಬರೀ ಗಾಳಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು.

"ಯಾವ ದೇವರಪ್ಪ ಇವನಿಗೆ ಬುದ್ಧಿ ಕೊಡೋದು!" ಅಂತ ದ್ಯಾವಮ್ಮ ದಿನಾ ಹಣೆ ಚಚ್ಚಿಕೊಳ್ಳೋಳು.

ಆ ಊರಲ್ಲಿ ಕಳ್ಳರ ಕಾಟ. ಹಾಡುಹಗಲೇ ಕೋಳಿ ಮಾಯ, ಕೊಡಪಾನ ಮಾಯ. ಜನ ರೋಸಿಹೋಗಿ, ಎಲ್ಲರೂ ಸೇರಿ ಕೆಂಚಪ್ಪ ಅನ್ನೋನನ್ನ ಯಜಮಾನ ಮಾಡಿದರು. ಅಲ್ಲಿಯ ಪದ್ಧತಿ ಏನಪ್ಪಾ ಅಂದ್ರೆ, ಯಜಮಾನ ಆಗೋನು ಮನೆಮನೆ ಹೊಸ್ತಿಲಲ್ಲಿ ನಿಂತು, ಆ ಮನೆಯವರ ಕೈಯಿಂದ ವೀಳ್ಯ ಇಸ್ಕೊಂಡು ಮಾತು ಕೊಡಬೇಕು. ಕೆಂಚಪ್ಪ ದ್ಯಾವಮ್ಮನ ಹೊಸ್ತಿಲಿಗೂ ಬಂದ. ವೀಳ್ಯ ಇಸ್ಕೊಂಡ, ಮೀಸೆ ತಿರುವಿದ.

"ದ್ಯಾವಮ್ಮ, ಇನ್ಮೇಲೆ ನಿನ್ನ ಬಾಗಿಲಿಗೆ ನಾನೇ ಬೀಗ!"

ಮಾರನೇ ದಿನ ದ್ಯಾವಮ್ಮ ಕಳೆ ಕೀಳೋಕೆ ಹೋದಳು. ತಿರುಗಿ ಬಂದು ನೋಡ್ತಾಳೆ, ಬಾಗಿಲು ಹಾರು ಹೊಡೆದಿದೆ, ಹಂಡೆ ಇಲ್ಲ!

"ಲೋ ಮುದ್ದೀರ, ಬೀಗ ಎಲ್ಲೋ?"

"ಬಾವಿಗೆ ಎಸೆದೆ ಕಣವ್ವ. ಯಜಮಾನ್ರೇ ಬೀಗ ಅಂದ್ಮೇಲೆ ನಮಗೆ ಇನ್ನೊಂದು ಯಾಕೆ?"

"ಅಯ್ಯೋ ನನ್ನ ಕರ್ಮವೇ! ಯಾರಾದ್ರೂ ಇನ್ನೊಬ್ಬರ ಮನೆಯಿಂದ ಏನಾದ್ರೂ ಎತ್ಕೊಂಡು ಹೊರಟ್ರೆ 'ಕಳ್ಳ ಕಳ್ಳ' ಅಂತ ಊರೇ ಕೇಳೋ ಹಾಗೆ ಕೂಗಬೇಕು ಕಣೋ!"

"ಆಗ್ಲವ್ವ, ಕೂಗ್ತೀನಿ."

ದ್ಯಾವಮ್ಮ ಯಜಮಾನನ ಹತ್ರ ಹೋಗಿ ಅತ್ತಳು. ಕೆಂಚಪ್ಪ, "ಹಂಡೆ ತಾನೇ? ನೋಡೋಣ" ಅಂದ. ಕೋಳಿ ಕಳಕೊಂಡೋರಿಗೂ ಅಷ್ಟೇ, ಕೊಡಪಾನ ಕಳಕೊಂಡೋರಿಗೂ ಅಷ್ಟೇ. ನೋಡೋಣ, ನೋಡೋಣ! ಯಾವಾಗ ನೋಡ್ತಾನೋ ಅವನಿಗೇ ಗೊತ್ತು.

ಎರಡು ದಿನ ಕಳೀತು. ಅದೇ ಕೆಂಚಪ್ಪ, ಊರು ಕಾಯೋ ಕಾಣಿಕೆ ಅಂತ, ಕುಂಬಾರರ ನಿಂಗಕ್ಕನ ಮನೆಯಿಂದ ಒಂದು ಹುಂಜ ಕಂಕುಳಲ್ಲಿ ಇರುಕಿಸಿಕೊಂಡು ಹೊರಗೆ ಬಂದ. ಮುದ್ದೀರ ನೋಡಿದ. ಎದೆ ಉಬ್ಬಿಸಿ ಕೂಗಿದ.

"ಕಳ್ಳ! ಕಳ್ಳ! ಬನ್ರಪ್ಪೋ, ಕಳ್ಳ!"

ಊರೆಲ್ಲ ಒನಕೆ, ಪೊರಕೆ ಹಿಡ್ಕೊಂಡು ಬಂತು. ನೋಡಿದರೆ ಯಜಮಾನ! ಜನ ಮುಖ ಮುಖ ನೋಡ್ಕೊಂಡರು. ನಿಂಗಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ಕೆಂಚಪ್ಪ ಕೆಂಡಾಮಂಡಲ ಆದ.

ದ್ಯಾವಮ್ಮ ಮಗನ ಕಿವಿ ಹಿಂಡಿ ಎಳ್ಕೊಂಡು ಬಂದಳು. "ಅವರನ್ನ ಕಳ್ಳ ಅಂತೀಯಲ್ಲೋ ಮುಂಡೇದೇ! ಬಿಳಿ ಬಟ್ಟೆ ಹಾಕ್ಕೊಂಡು ದೊಡ್ಡೋರು ಬಂದ್ರೆ ಕೈ ಮುಗೀಬೇಕು. ಕೇಳಿದ್ದು ಕೊಡಬೇಕು. ಎಲ್ಲ ನಿಮ್ದೇ ಸ್ವಾಮಿ ಅನ್ನಬೇಕು."

"ಆಗ್ಲವ್ವ, ಅಂತೀನಿ."

ಆ ಮಾತು ಆಡಿದ ಬಾಯಿಗೆ ದ್ಯಾವಮ್ಮ ಆಮೇಲೆ ಎಷ್ಟು ಹೊಡ್ಕೊಂಡಳೋ! ಯಾಕೆ ಅಂದ್ರೆ, ಅವಳು ನೀರಿಗೆ ಹೋದಾಗ ಒಬ್ಬ ಬಂದ. ಬಿಳಿ ಪಂಚೆ, ಬಿಳಿ ಅಂಗಿ, ಕೈಯಲ್ಲಿ ಹಗ್ಗ.

"ಮೇಕೆ ಚೆನ್ನಾಗಿದೆಯಲ್ಲೋ" ಅಂದ.

"ಎಲ್ಲ ನಿಮ್ದೇ ಸ್ವಾಮಿ!" ಅಂತ ಮುದ್ದೀರ ಕೈ ಮುಗಿದ, ಮೇಕೆ ಬಿಚ್ಚಿ ಕೊಟ್ಟ, ಒಂದು ಚೊಂಬು ಮಜ್ಜಿಗೆ ಕೊಟ್ಟ, ಊರಬಾಗಿಲ ತನಕ ಹೋಗಿ ಕಳಿಸಿಯೂ ಬಂದ!

ದ್ಯಾವಮ್ಮ ಈ ಸಲ ಬೈಯಲಿಲ್ಲ. ಖಾಲಿ ಗೂಟದ ಮುಂದೆ ಕುಕ್ಕರಿಸಿ ಗೊಳೋ ಅಂತ ಅತ್ತಳು. ಮೇಕೆ ಹಾಲು ಮಾರಿಯೇ ಅವಳ ಒಲೆ ಉರೀತಿದ್ದದ್ದು. ಆ ಅಳು ಕೇಳಿ ಜನ ಸೇರಿದರು. ಕೆಂಚಪ್ಪನಿಗೆ ಬರದೆ ವಿಧಿಯಿಲ್ಲ. ಬಂದ, ಹೊಸ್ತಿಲಲ್ಲಿ ನಿಂತ, ಮತ್ತೆ ವೀಳ್ಯ ಇಸ್ಕೊಂಡ.

"ಅಳಬೇಡ ದ್ಯಾವಮ್ಮ! ನಿನ್ನ ಮೇಕೆ ಸಿಗೋ ತನಕ, ಅದರ ಜಾಗದಲ್ಲಿ ನಾನಿದ್ದೀನಿ ಅಂದ್ಕೋ!"

ಹೇಳಿದ, ಹೋದ, ಉಂಡ, ಜಗಲಿ ಮೇಲೆ ಮಲಗಿದ.

ದ್ಯಾವಮ್ಮ ಕಣ್ಣೊರೆಸಿಕೊಂಡು ಮಗನಿಗೆ ಹೇಳಿದಳು, "ಇನ್ಮೇಲೆ ಗೂಟಕ್ಕೆ ಏನೇ ಕಟ್ಟಿದರೂ ಗಟ್ಟಿಯಾಗಿ ಕಟ್ಟೋ. ಎಷ್ಟು ಅರಚಿದರೂ ಬಿಚ್ಚಬೇಡ. ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕು."

"ಆಗ್ಲವ್ವ, ಹಾಕ್ತೀನಿ."

ಸಾಯಂಕಾಲ ಕೊಟ್ಟಿಗೆ ಕಡೆಯಿಂದ ಅರಚಾಟ. ದ್ಯಾವಮ್ಮ ಓಡಿಹೋಗಿ ನೋಡ್ತಾಳೆ, ಮೇಕೆ ಗೂಟದಲ್ಲಿ ಯಜಮಾನ! ಸೊಂಟಕ್ಕೆ ಹಗ್ಗ, ಮುಂದೆ ಹಲಸಿನ ಸೊಪ್ಪು. ಪಕ್ಕದಲ್ಲಿ ಮುದ್ದೀರ ಕೂತು ಬೆನ್ನು ಸವರ್ತಿದ್ದಾನೆ.

"ಅವ್ವಾ, ಇದು ಸೊಪ್ಪು ತಿನ್ನಲ್ಲ, ಹಾಲೂ ಕೊಡಲ್ಲ. ಮಾತು ಮಾತ್ರ ಬಹಳ!"

ಊರೇ ನೆರೀತು. "ಬಿಚ್ರೋ!" ಅಂತ ಕೆಂಚಪ್ಪ ಕೂಗಿದ. ಯಾರೂ ಕೈ ಹಾಕಲಿಲ್ಲ.

ನಿಂಗಕ್ಕ ಅಂದಳು, "ವೀಳ್ಯ ಇಸ್ಕೊಂಡು ನೀವೇ ಆಡಿದ ಮಾತಲ್ವಾ ಯಜಮಾನ್ರೇ? ಬಿಚ್ಚೋದಾ ಬೇಡ್ವಾ, ನೋಡೋಣ."

ಕೆಂಚಪ್ಪ ತನ್ನ ಆಳುಗಳ ಮೇಲೆ ಹರಿಹಾಯ್ದ. "ನಿಂತು ನೋಡ್ತೀರಲ್ರೋ! ಹೋಗ್ರೋ, ಆ ಮೇಕೆ ಹುಡುಕ್ರೋ!"

ದೀಪ ಹಚ್ಚೋ ಹೊತ್ತಿಗೆ ಆಳುಗಳ ಹಿಂದೆ ಮೇಕೆ ಮ್ಯಾ ಅಂತ ಬಂತು! ದ್ಯಾವಮ್ಮ ಅದರ ಕುತ್ತಿಗೆ ತಬ್ಬಿಕೊಂಡು ನಕ್ಕಳು, ಅತ್ತಳು. ಮುದ್ದೀರ ಮೇಕೆಯನ್ನ ಗೂಟಕ್ಕೆ ಕಟ್ಟಿ, ಯಜಮಾನನನ್ನ ಬಿಚ್ಚಿದ. ಕೆಂಚಪ್ಪ ಉಸ್ಸಪ್ಪಾ ಅಂದ. ಅಷ್ಟರಲ್ಲಿ ಮುದ್ದೀರ ಅವನನ್ನ ಅನಾಮತ್ತಾಗಿ ಹೆಗಲಿಗೆ ಹಾಕ್ಕೊಂಡ!

"ಎಲ್ಲಿಗೋ? ಮೇಕೆ ಬಂತಲ್ಲೋ!"

"ಹಂಡೆ ಬಂದಿಲ್ವಲ್ಲ ಯಜಮಾನ್ರೇ!"

ನೇರ ಬಚ್ಚಲಿಗೆ ಹೊತ್ಕೊಂಡು ಹೋಗಿ, ಹಂಡೆ ಕೂರ್ತಿದ್ದ ಒಲೆ ಮೇಲೆ ಕೂರಿಸಿದ. ತಲೆ ಮೇಲೆ ಒಂದು ಕೊಡ ನೀರು ಸುರಿದ. ಒಲೆಗೆ ಸೌದೆ ಒಟ್ಟಿದ.

"ಅವ್ವಾ, ಕಡ್ಡಿಪೆಟ್ಟಿಗೆ ಎಲ್ಲಿ?"

"ಬೇಡ್ರಪ್ಪೋ!" ಅಂತ ಕೆಂಚಪ್ಪ ಕಿರುಚಿದ. "ಹಂಡೆ ಎಲ್ಲಿದೆ ಅಂತ ನಂಗೊತ್ತು! ಯಾರ ಕೋಳಿ ಎಲ್ಲಿದೆ ಅಂತಾನೂ ಗೊತ್ತು!"

ಎಲ್ಲರೂ ದ್ಯಾವಮ್ಮನ ಕಡೆ ನೋಡಿದರು. ಈಗ ಮಗನಿಗೆ ಬೈತಾಳೆ, ಈಗ ಬುದ್ಧಿ ಹೇಳ್ತಾಳೆ ಅಂತ.

ದ್ಯಾವಮ್ಮ ಬೈಯಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಕಡ್ಡಿಪೆಟ್ಟಿಗೆ ಹುಡುಕೋಕೆ ಒಳಗೆ ಹೋದಳು.